ಚುಕ್ಕೆಗಳ ರಾಶಿ: ಹೊಲದ ಮೋಜಣಿಯನ್ನು ಒತ್ತಿ ಕಳಿಸುವ ಬಗೆ

ಹೋದ ಬೇಸಿಗೆಯಲ್ಲಿ ಅಕ್ಕಲಕೋಟೆಯ ಕಡೆಯ ಒಂದು ಹಳ್ಳಿಗೆ ನಾವು ಹೋದಾಗ ಅಲ್ಲಿ ಒಡ್ಡುಗಳ ದುರಸ್ತಿಗೆಂದು ಹೊಲಗಳ ಮೋಜಣಿ ನಡೆದಿತ್ತು. ಸರಪಳಿ ಎಳೆಯುವವರಿಲ್ಲ, ಬಾವುಟ ಹಿಡಿದು ಬದುವಿನ ಮೇಲೆ ನಿಲ್ಲುವವರೂ ಇಲ್ಲ. ಒಬ್ಬ ತರುಣನು ಡ್ರೋನೆಂಬ ಹಾರುವ ಯಂತ್ರವನ್ನು ಮೇಲಕ್ಕೆ ಬಿಟ್ಟನು. ಅದು ನೇಗಿಲು ಸಾಲು ಹಿಡಿದಂತೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಕೆಳಗಿಳಿಯಿತು. ಅವನು ಅದರೊಳಗಿಂದ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಬಿಲ್ಲೆಯೊಂದನ್ನು ತೆಗೆದು ಕಂಪ್ಯೂಟರಕ್ಕೆ ಹಚ್ಚಿ, “ಇದನ್ನ ಒತ್ತಿ ಹತ್ತನೇ ಪಾಲು ಮಾಡಿ ಆಫೀಸಿಗೆ ಕಳಸ್ತೀನಿ, ಅಜ್ಜಾ” ಎಂದನು. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಹಿರಿಯ ಒಕ್ಕಲಿಗರೊಬ್ಬರು ಕೂಡಲೇ ಕೇಳಿದರು: “ಅಲ್ಲೋ ತಮ್ಮಾ, ಹತ್ತರಾಗ ಒಂದು ಪಾಲು ಕಳಸ್ತಿ. ಉಳಿದ ಒಂಬತ್ತು ಪಾಲು ಎಲ್ಲಿ ಹೋದುವು? ಅದರಾಗ ನಮ್ಮ ಬದು ಹೋದುವೋ ಏನು?”

ಅಲ್ಲಿದ್ದವರು ನಕ್ಕರು. ನಮಗೆ ಮಾತ್ರ ಈ ಪ್ರಶ್ನೆ ನಗುವಂಥದೆಂದು ತೋರಲಿಲ್ಲ. ಹೊಲದ ಅಳತೆಯು ಕಾಗದದಿಂದ ಕಂಪ್ಯೂಟರಕ್ಕೆ ಹೋಗುತ್ತಿರುವ ಈ ಕಾಲದಲ್ಲಿ ಪ್ರತಿಯೊಬ್ಬ ಒಕ್ಕಲಿಗನೂ ಕೇಳತಕ್ಕ ಪ್ರಶ್ನೆಯೇ ಇದು. ಗಾವಠಾಣದ ಮನೆ-ಹಿತ್ತಲುಗಳನ್ನು ಡ್ರೋನಿನಿಂದ ಅಳೆಯುವ ‘ಸ್ವಾಮಿತ್ವ’ ಯೋಜನೆಯು 2020ರ ಎಪ್ರಿಲ 24ರಂದು ಆರಂಭವಾಯಿತು. ಮೊದಲು ಕೈಗೊಂಡ ರಾಜ್ಯಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಇದ್ದವು. ಆಂಧ್ರದಲ್ಲಿ 2020ರ ಡಿಸೆಂಬರದಲ್ಲಿಯೂ ಕೇರಳದಲ್ಲಿ 2022ರ ನವೆಂಬರದಲ್ಲಿಯೂ ಭೂಮಿಯ ಮರುಮೋಜಣಿಗೆ ಕೈ ಹಚ್ಚಿದರು. ಅಡವಿಯೊಳಗೆ ಎಲ್ಲೆಲ್ಲಿ ನೀರು ತಡೆದು ನಿಲ್ಲಿಸಬಹುದೆಂದು ತಿಳಿಯಲು 26 ರಾಜ್ಯಗಳ ಸುಮಾರು 2.6 ಲಕ್ಷ ಹೆಕ್ಟೇರ ಅರಣ್ಯವನ್ನು ಲೇಸರ ಬೆಳಕಿನಿಂದ ಅಳೆಯುವ ಕೆಲಸವನ್ನು ಕೇಂದ್ರ ಸರಕಾರವು 2020ರಲ್ಲಿ ವಾಪ್ಕೋಸ್ ಸಂಸ್ಥೆಗೆ ಒಪ್ಪಿಸಿತು. 2021ರ ಜೂನದಲ್ಲಿ ಹೊರಬಂದ ಹತ್ತು ರಾಜ್ಯಗಳ ವರದಿಗಳಲ್ಲಿ ಮಹಾರಾಷ್ಟ್ರ, ಗೋವೆಗಳವೂ ಇದ್ದವು. ನಮ್ಮ ಊರುಗಳ ನೆಲವು ಇನ್ನು ಮುಂದೆ ಹೆಚ್ಚು ಹೆಚ್ಚಾಗಿ ಈ ರೂಪದಲ್ಲಿಯೇ ಕಚೇರಿಯಿಂದ ಕಚೇರಿಗೆ ಓಡಾಡುವದು. ಆದ್ದರಿಂದ ಆ ಒಂಬತ್ತು ಪಾಲಿನ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುವೆವು.

ಮೊದಲು ಆ ಬಿಲ್ಲೆಯಲ್ಲಿ ಏನಿರುವದೆಂಬುದನ್ನು ತಿಳಿಯೋಣ. ಡ್ರೋನಿನಲ್ಲಿಯೋ ವಿಮಾನದಲ್ಲಿಯೋ ಇಟ್ಟ ಲೇಸರ ಯಂತ್ರವು ಒಂದೊಂದು ಸೆಕೆಂದಿಗೆ ಸಾವಿರಾರು ಸಲ, ಬಹಳ ಸಲ ಲಕ್ಷಗಟ್ಟಲೆ, ಬೆಳಕಿನ ಮಿಡಿತವನ್ನು ನೆಲಕ್ಕೆ ಬಿಡುತ್ತದೆ. ಬೆಳಕು ಸೆಕೆಂದಿಗೆ ಸುಮಾರು 3 ಲಕ್ಷ ಕಿಲೋಮೀಟರ ಓಡುವದು. ಅದು ನೆಲಕ್ಕೆ ಬಡಿದು ಮರಳಿ ಬರಲು ಹಿಡಿದ ಸಮಯವನ್ನು ಅಳೆದರೆ ದೂರ ಸಿಕ್ಕಿತು. 600 ಮೀಟರ ಎತ್ತರದಿಂದ ಬಿಟ್ಟ ಬೆಳಕು ಹೋಗಿ ಬರಲು ಸೆಕೆಂದಿನ ಹತ್ತು ಲಕ್ಷ ಭಾಗದಲ್ಲಿ ನಾಲ್ಕು ಭಾಗ ಮಾತ್ರ ಸಾಕು. ಯಂತ್ರವು ಆ ಗಳಿಗೆಯಲ್ಲಿ ಎಲ್ಲಿತ್ತು, ಯಾವ ಕಡೆಗೆ ವಾಲಿತ್ತು ಎಂಬುದು ಗೊತ್ತಿರುವದರಿಂದ ಬೆಳಕು ಬಡಿದ ಜಾಗದ ಪೂರ್ವ-ಪಶ್ಚಿಮ, ದಕ್ಷಿಣ-ಉತ್ತರ ಮತ್ತು ಎತ್ತರ ಎಂಬ ಮೂರು ಅಂಕಿಗಳು ದೊರೆಯುವವು. ಇದೇ ಒಂದು ಚುಕ್ಕೆ. ಬೇವಿನ ಗಿಡದ ಮೇಲೆ ಬಿದ್ದ ಒಂದೇ ಮಿಡಿತವು ತುದಿಯ ಎಲೆಗೆ ಒಮ್ಮೆ, ಟೊಂಗೆಗೆ ಒಮ್ಮೆ, ಸಂದಿಯಲ್ಲಿ ತೂರಿ ನೆಲಕ್ಕೆ ಒಮ್ಮೆ ಬಡಿದು ಮೂರು ಚುಕ್ಕೆಗಳನ್ನು ಕೊಡುವದೂ ಉಂಟು. ಲೇಸರವಿಲ್ಲದೆ ಬರಿಯ ಫೋಟೋಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ತೆಗೆದು, ಅವುಗಳನ್ನು ತಾಳೆ ಹಚ್ಚಿ ಚುಕ್ಕೆಗಳನ್ನು ಪಡೆಯುವ ರೀತಿಯೂ ಇದೆ. ಹೇಗೆ ಪಡೆದರೂ ಇಂಥ ಕೋಟಿಗಟ್ಟಲೆ ಚುಕ್ಕೆಗಳು ಕೂಡಿದರೆ ಹೊಲ, ಬದು, ಹಳ್ಳ, ಗಿಡ, ಗುಡಿಯ ಕಳಸ ಎಲ್ಲವೂ ಎದ್ದು ಕಾಣುವವು. ಬಲ್ಲವರು ಇದನ್ನು ‘ಪಾಯಿಂಟ್ ಕ್ಲೌಡ್’, ಅಂದರೆ ಚುಕ್ಕೆಗಳ ಮೋಡ ಎನ್ನುತ್ತಾರೆ. ಮೋಡವು ಬಂದಷ್ಟೇ ಬೇಗ ಹೋಗುವದನ್ನು ನಮ್ಮ ಸೀಮೆಯವರು ಸಾಕಷ್ಟು ನೋಡಿದ್ದಾರೆ. ಇದು ಅಳೆದು ತುಂಬುವ ವಸ್ತು. ಆದ್ದರಿಂದ ರಾಶಿ ಎಂದು ಕರೆಯುವದೇ ನಮಗೆ ಸರಿ ಕಾಣುವದು.

ರಾಶಿ ಎಷ್ಟು ದೊಡ್ಡದು? ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ. ಚದರ ಮೀಟರಿಗೆ 10 ಚುಕ್ಕೆ ಹಿಡಿದರೆ ಎಕರೆಗೆ 40 ಸಾವಿರದ ಮೇಲೆ. 2,000 ಎಕರೆಯ ಊರಿಗೆ ಎಂಟು ಕೋಟಿ ಚುಕ್ಕೆಗಳಾದುವು. ಪ್ರತಿ ಚುಕ್ಕೆಯ ಜೊತೆಗೆ ಎತ್ತರ ಇತ್ಯಾದಿ ಮೂರು ಅಂಕಿಗಳಲ್ಲದೆ ಬೆಳಕು ಎಷ್ಟು ಜೋರಾಗಿ ಮರಳಿತು, ಅದು ಎಷ್ಟನೆಯ ಮರುಬಡಿತ, ನೆಲದ್ದೋ ಗಿಡದ್ದೋ, ಯಾವ ಗಳಿಗೆಯದು ಎಂಬ ವಿವರಗಳನ್ನೂ ಬರೆಯುತ್ತಾರೆ. ಅಮೇರಿಕೆಯ ಭೂಚಿತ್ರ ತಜ್ಞರ ಸಂಘವು 2003ರಲ್ಲಿ ಹೊರಡಿಸಿದ ‘ಲಾಸ್’ ಎಂಬ ಕಡತದ ಪದ್ಧತಿಯಲ್ಲಿ ಇಷ್ಟನ್ನು ಬರೆಯಲು ಚುಕ್ಕೆಗೆ 28 ಬೈಟು ಬೇಕು. ಬೈಟೆಂದರೆ ಇಂಗ್ಲಿಷಿನ ಒಂದು ಅಕ್ಷರ ಹಿಡಿಯುವಷ್ಟು ಜಾಗ. (ನಮ್ಮ ಕನ್ನಡದ ‘ಕ’ ಅಕ್ಷರಕ್ಕೆ ಸಾಮಾನ್ಯವಾಗಿ ಮೂರು ಬೈಟು ಬೇಕಾಗುವದು, ಕಂಪ್ಯೂಟರದಲ್ಲಿಯೂ ನಾವು ಜಾಗ ಹೆಚ್ಚು ಬೇಡುವವರೇ!) ಹೀಗೆ ಊರಿನ ರಾಶಿಯು ಸುಮಾರು 226 ಕೋಟಿ ಬೈಟು ಆಯಿತು. ಟಾವರು ದೂರವಿರುವ ಹಳ್ಳಿಯಲ್ಲಿ ಸೆಕೆಂದಿಗೆ ಎರಡೂವರೆ ಲಕ್ಷ ಬೈಟು ಹೋದರೆ ಅದೇ ಪುಣ್ಯ. ಆ ಲೆಕ್ಕದಲ್ಲಿ ಕಡತ ಮುಟ್ಟಲು ಎರಡೂವರೆ ತಾಸು. ಅದೂ ನಡುವೆ ಕರೆಂಟು ಹೋಗದಿದ್ದರೆ. ಹತ್ತನೆಯ ಪಾಲು ಮಾಡಿದರೆ ಕಾಲು ತಾಸು. ತರುಣನು ಒತ್ತುವದಕ್ಕೆ ಕಾರಣ ಇಷ್ಟೇ.

ಇನ್ನು ಒತ್ತುವ ಬಗೆ. ಅಡತಿಯ ಅಂಗಡಿಯಲ್ಲಿ ಜೋಳದ ಚೀಲ ತೂಗುವದನ್ನು ನೆನೆಯಿರಿ. ಪ್ರತಿ ಚೀಲವೂ ಹೆಚ್ಚು ಕಡಿಮೆ ನೂರು ಕಿಲೋ. ಗುಮಾಸ್ತನು 101, 99, 100, 102 ಎಂದು ಪೂರ್ತಿ ಬರೆಯಬಹುದು. ಜಾಣನಾದರೆ ಪುಟದ ತಲೆಗೆ ‘ನೂರು’ ಎಂದು ಒಮ್ಮೆ ಬರೆದು ಕೆಳಗೆ ಒಂದು ಹೆಚ್ಚು, ಒಂದು ಕಡಿಮೆ, ಸೊನ್ನೆ, ಎರಡು ಹೆಚ್ಚು ಎಂದಷ್ಟೇ ಬರೆಯುವನು. ಕಾಗದ ಉಳಿಯಿತು, ಒಂದು ಕಿಲೋ ಕೂಡ ತಪ್ಪಲಿಲ್ಲ. ಹೊಲದ ಎತ್ತರವೂ ಹೀಗೆಯೇ. ಒಂದು ಕಡೆ ಮೊಳ ಮೊಳ ದೂರಕ್ಕೊಂದರಂತೆ ಆರು ಚುಕ್ಕೆಗಳು ಬಿದ್ದಿವೆಯೆಂದು ತಿಳಿಯಿರಿ. ಸಮುದ್ರಮಟ್ಟದಿಂದ ಅವುಗಳ ಎತ್ತರವು ಸೆಂಟಿಮೀಟರದಲ್ಲಿ 45837, 45838, 45838, 45836, 45871, 45839 ಎಂದಿರಲಿ. ಮೊದಲನೆಯದನ್ನು ಪೂರ್ತಿ ಬರೆದು, ಮುಂದೆ ಹಿಂದಿನದಕ್ಕಿಂತ ಎಷ್ಟು ಹೆಚ್ಚು-ಕಡಿಮೆ ಎಂದಷ್ಟೇ ಬರೆದರೆ ಒಂದು ಹೆಚ್ಚು, ಸೊನ್ನೆ, ಎರಡು ಕಡಿಮೆ, 35 ಹೆಚ್ಚು, 32 ಕಡಿಮೆ ಎಂದಾಗುವದು. ಐದಂಕಿಗಳ ಜಾಗದಲ್ಲಿ ಒಂದಂಕಿ, ಎರಡಂಕಿ. ಆ 35 ಏನೆಂದು ಹೇಳಬೇಕಾಗಿಲ್ಲ, ಅದೇ ಬದು. ಓದುವವನು ಮೊದಲಿನ ಅಂಕಿಯಿಂದ ಹೊರಟು ಕೂಡಿಸುತ್ತ, ಕಳೆಯುತ್ತ ಹೋದರೆ ಆರೂ ಎತ್ತರಗಳು ಇದ್ದಕ್ಕಿದ್ದಂತೆ ಮರಳಿ ಬರುವವು.

ಯಂತ್ರವು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವದು. ಬರಿಯ ಹಿಂದಿನ ಚುಕ್ಕೆಯನ್ನಲ್ಲ, ಇತ್ತೀಚಿನ ಕೆಲವು ಚುಕ್ಕೆಗಳ ನಡಿಗೆಯನ್ನು ನೋಡಿ ಮುಂದಿನದು ಎಲ್ಲಿ ಬಿದ್ದೀತೆಂದು ಮೊದಲೇ ಊಹಿಸುತ್ತದೆ. ಪಳಗಿದ ಎತ್ತು ಸಾಲಿನಲ್ಲಿ ಮುಂದಿನ ಹೆಜ್ಜೆ ಎಲ್ಲಿ ಇಟ್ಟೀತೆಂಬುದು ಹಿಂದೆ ನಡೆಯುವವನಿಗೆ ಗೊತ್ತಿರುವಂತೆಯೇ ಇದು. ಊಹೆಗೂ ನಿಜಕ್ಕೂ ಇರುವ ಅಂತರವನ್ನು ಮಾತ್ರ ಬರೆದಿಟ್ಟರಾಯಿತು. ತೆರೆಯುವ ಯಂತ್ರವೂ ಅದೇ ರೀತಿಯಲ್ಲಿ ಊಹಿಸುವದರಿಂದ ಅಂತರವನ್ನು ಕೂಡಿಸಿದ ಕೂಡಲೇ ನಿಜವಾದ ಅಂಕಿ ಹೊರಬೀಳುವದು.

ಹೀಗೆ ಉಳಿದ ಅಂಕಿಗಳಲ್ಲಿ ಸೊನ್ನೆ, ಒಂದು, ಎರಡು ಇವೇ ಹೆಚ್ಚು. ಇಲ್ಲಿ ಮತ್ತೊಂದು ಉಪಾಯವಿದೆ. ತಾರು ಕಳಿಸಿದ ಕಾಲವನ್ನು ಬಲ್ಲ ಹಿರಿಯರು ನಮ್ಮ ವಾಚಕರಲ್ಲಿ ಇನ್ನೂ ಇದ್ದಾರೆ. ನಮ್ಮ ದೇಶದಲ್ಲಿ ಆ ಸೇವೆ ನಿಂತದ್ದು 2013ರ ಜುಲೈದಲ್ಲಿ. ತಾರಿನ ಕಟ್ಟು-ಕಡ ಲಿಪಿಯಲ್ಲಿ ಇಂಗ್ಲಿಷಿನಲ್ಲಿ ಪದೇ ಪದೇ ಬರುವ ‘ಇ’ ಅಕ್ಷರಕ್ಕೆ ಒಂದೇ ಚುಕ್ಕೆ. ಅಪರೂಪದ ‘ಕ್ಯೂ’ ಅಕ್ಷರಕ್ಕೆ ನಾಲ್ಕು ಗುರುತು. ಮೇಲಿಂದ ಮೇಲೆ ಬರುವದಕ್ಕೆ ಗಿಡ್ಡ ಗುರುತು, ಎಂದೋ ಬರುವದಕ್ಕೆ ಉದ್ದ ಗುರುತು ಕೊಟ್ಟರೆ ಒಟ್ಟಿನಲ್ಲಿ ಉಳಿತಾಯ. ಕಂಪ್ಯೂಟರದವರು ಇದೇ ತತ್ತ್ವವನ್ನು ಗಣಿತದಿಂದ ಬಿಗಿಮಾಡಿದ್ದಾರೆ. ಡೇವಿಡ್ ಹಫ್ಮನ್ನನೆಂಬವನು ಅಮೇರಿಕೆಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಯೋಚಿಸಿ 1952ರಲ್ಲಿ ಪ್ರಕಟಿಸಿದ ಪದ್ಧತಿಯು ಹೆಸರಾಯಿತು. ಈಗ ಚುಕ್ಕೆಗಳ ಕೆಲಸಕ್ಕೆ ಅದಕ್ಕಿಂತಲೂ ಬಿಗಿಯಾದ, ಒಂದು ಗುರುತಿಗೆ ಪೂರ್ತಿ ಒಂದು ಮನೆಯನ್ನೂ ಬಿಟ್ಟುಕೊಡದ ಪದ್ಧತಿ ಬಳಕೆಯಲ್ಲಿದೆ.

ಊಹೆ, ಅಂತರ, ಗಿಡ್ಡ ಗುರುತು ಇವು ಮೂರನ್ನೂ ಕೂಡಿಸಿ ಲೇಸರ ಮೋಜಣಿಗೆ ಹೊಂದಿಸಿದವರು ಜರ್ಮನಿಯ ಮಾರ್ಟಿನ್ ಐಸೆನ್‌ಬುರ್ಗ್. ಅವರ ‘ಲಾಸ್‌ಜಿಪ್’ ಎಂಬ ಸಾಧನವು ಲಾಸ್ ಕಡತವನ್ನು ಒತ್ತಿ ‘ಲಾಜ್’ ಕಡತವನ್ನಾಗಿ ಮಾಡುವದು. 2013ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಒತ್ತಿದ ಕಡತವು ಮೂಲದ ನೂರಕ್ಕೆ 7ರಿಂದ 25ರಷ್ಟು ಮಾತ್ರ ಇರುವದು, ತೆರೆದರೆ ಒಂದು ಅಂಕಿಯೂ ಕೆಟ್ಟಿರುವದಿಲ್ಲ. ಇದನ್ನು ಅವರು ಬೀಗ ಹಾಕಿ ಮಾರಲಿಲ್ಲ. ಯಾರಾದರೂ ಓದಿ ಬಳಸುವಂತೆ ಬಿಟ್ಟುಕೊಟ್ಟರು. ದೇಶದೇಶಗಳ ಮೋಜಣಿ ಖಾತೆಗಳವರು ಇದನ್ನು ಹಿಡಿದದ್ದಕ್ಕೆ ಇದೂ ಒಂದು ಕಾರಣ. ಸುಳ್ಳು ಸೂಕ್ಷ್ಮತೆಯ ಮೇಲೆ ಅವರಿಗೆ ಸಿಟ್ಟಿತ್ತು. ಯಂತ್ರದ ತಪ್ಪೇ ನಾಲ್ಕಾರು ಸೆಂಟಿಮೀಟರ ಇರುವಾಗ ಎತ್ತರವನ್ನು ಮಿಲಿಮೀಟರದ ಹತ್ತನೆಯ ಭಾಗದ ತನಕ ಬರೆಯುವದು ಎತ್ತಿನ ಗಾಡಿಯ ಭಾರವನ್ನು ಗುಂಜಿಯ ಲೆಕ್ಕದಲ್ಲಿ ಹೇಳಿದಂತೆ. ಕೊನೆಯ ಅಂಕಿಗಳಲ್ಲಿ ಯಾವ ನಡಿಗೆಯೂ ಇಲ್ಲದ್ದರಿಂದ ಊಹಿಸಲು ಬರುವದಿಲ್ಲ, ಒತ್ತಲೂ ಬರುವದಿಲ್ಲ, ಕಡತ ಮಾತ್ರ ಉಬ್ಬುವದು. ಐಸೆನ್‌ಬುರ್ಗ್ 2021ರಲ್ಲಿ ತೀರಿಕೊಂಡರು.

ಇನ್ನೊಂದು ಬಗೆ ಪೆಟ್ಟಿಗೆಯ ಬಗೆ. ಇಡೀ ಊರನ್ನು ಒಂದು ದೊಡ್ಡ ಚೌಕ ಪೆಟ್ಟಿಗೆಯಲ್ಲಿ ಇಟ್ಟಂತೆ ಭಾವಿಸಿರಿ. ಅದನ್ನು ಉದ್ದ, ಅಗಲ, ಎತ್ತರ ಮೂರೂ ಕಡೆಗೆ ನಡುವೆ ಸೀಳಿದರೆ ಎಂಟು ಸಣ್ಣ ಪೆಟ್ಟಿಗೆಗಳಾಗುವವು. ಯಾವ ಪೆಟ್ಟಿಗೆಯಲ್ಲಿ ಚುಕ್ಕೆಯಿದೆಯೋ ಅದಕ್ಕೆ ಒಂದು, ಬರಿದಾದುದಕ್ಕೆ ಸೊನ್ನೆ ಎಂದು ಗುರುತು ಹಾಕಿದರೆ ಎಂಟು ಗುರುತಿಗೆ ಸರಿಯಾಗಿ ಒಂದು ಬೈಟು. ಚುಕ್ಕೆಯಿದ್ದ ಪೆಟ್ಟಿಗೆಯನ್ನು ಮತ್ತೆ ಎಂಟು ಮಾಡುವದು, ಬರಿದನ್ನು ಅಲ್ಲಿಗೇ ಬಿಡುವದು. ತಾಲೂಕು, ಊರು, ಗಟ್ ನಂಬರು, ಹಿಸ್ಸೆ ಎಂದು ನಾವು ಇಳಿಯುವದಿಲ್ಲವೇ, ಹಾಗೆ. 1,024 ಮೀಟರ ಪೆಟ್ಟಿಗೆಯು ಹತ್ತು ಸಲ ಸೀಳಿದಾಗ ಒಂದು ಮೀಟರಿನದಾಗುವದು; ಹದಿನೇಳು ಸಲಕ್ಕೆ ಒಂದು ಸೆಂಟಿಮೀಟರಿಗಿಂತ ಸಣ್ಣದಾಗುವದು. ಊರ ಮೇಲಿನ ಆಕಾಶವೆಲ್ಲ ಬರಿದೇ ಆದ್ದರಿಂದ ಮೊದಲೆರಡು ಸೀಳಿನಲ್ಲಿಯೇ ಕೆಲವು ಸೊನ್ನೆಗಳಲ್ಲಿ ಅದೆಲ್ಲ ಮುಗಿದುಹೋಗುವದು. ಈ ಬಗೆಯನ್ನು ತಳಹದಿಯಾಗಿ ಹಿಡಿದ ಒಂದು ಅಂತರರಾಷ್ಟ್ರೀಯ ಕಟ್ಟಳೆಯು 2023ರಲ್ಲಿ ಹೊರಬಂದಿತು.

ಒತ್ತಿದ ಮೇಲೆ ತುಂಬಿಡುವ ರೀತಿಯೂ ಮುಖ್ಯವೇ. ಹಗೇವಿನಲ್ಲಿ ಜೋಳ ಹಾಕಿದವನು ಒಂದು ಸೇರಿಗೋಸ್ಕರ ಬಾಯಿ ತೆಗೆದರೂ ಪೂರ್ತಿ ತೆಗೆದಂತೆಯೇ. ಚೀಲದಲ್ಲಿ ತುಂಬಿದ್ದರೆ ಬೇಕಾದ ಒಂದು ಚೀಲ ಬಿಚ್ಚಿದರಾಯಿತು. ಲಾಜ್ ಕಡತವು ಚೀಲದ ಪದ್ಧತಿಯದು. ಸಾಮಾನ್ಯವಾಗಿ 50,000 ಚುಕ್ಕೆಗಳಿಗೆ ಒಂದು ಕಟ್ಟು. 2021ರಲ್ಲಿ ಬಂದ ಹೊಸ ಜೋಡಣೆಯಲ್ಲಿ ಈ ಕಟ್ಟುಗಳನ್ನು ಮೇಲೆ ಹೇಳಿದ ಪೆಟ್ಟಿಗೆಗಳ ಕ್ರಮದಲ್ಲಿಯೇ ಇಟ್ಟು, ಜೊತೆಗೆ ಒಂದು ಪಟ್ಟಿಯನ್ನು ಅಂಟಿಸಿರುತ್ತಾರೆ. ದೂರದ ಕಚೇರಿಯಲ್ಲಿರುವ ಇಡೀ ತಾಲೂಕಿನ ಕಡತದಿಂದ ನಿಮ್ಮ ಒಂದು ಗಟ್ ನಂಬರಿನ ಚುಕ್ಕೆಗಳನ್ನಷ್ಟೇ ಊರಲ್ಲಿ ಕುಳಿತು ಎಳೆದುಕೊಳ್ಳಲು ಇದರಿಂದ ಸಾಧ್ಯವಾಯಿತು.

ಇದೆಲ್ಲ ದೊಡ್ಡ ಪ್ರಮಾಣದಲ್ಲಿ ನಡೆದೀತೇ ಎಂಬ ಸಂಶಯಕ್ಕೆ ನೆದರ್ಲೆಂಡ್ಸ್ ದೇಶವೇ ಉತ್ತರ. ಆ ನಾಡಿನ ಕಾಲುಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನಮಗೆ ನೀರು ಹಿಡಿದು ನಿಲ್ಲಿಸುವ ಚಿಂತೆ, ಅವರಿಗೆ ನೀರು ಹೊರಹಾಕುವ ಚಿಂತೆ. ಒಡ್ಡಿನ ಎತ್ತರ ಮಾತ್ರ ಇಬ್ಬರಿಗೂ ಬೇಕು. ಅವರ ನೀರಿನ ಮಂಡಲಿಗಳೂ ಸರಕಾರವೂ ಕೂಡಿ ಇಡೀ ದೇಶವನ್ನು ಲೇಸರದಿಂದ ಮತ್ತೆ ಮತ್ತೆ ಅಳೆಸಿವೆ. 2007ರಿಂದ 2012ರ ತನಕ ನಡೆದ ಎರಡನೆಯ ಮೋಜಣಿಯಲ್ಲಿ ಸುಮಾರು 64,000 ಕೋಟಿ ಚುಕ್ಕೆಗಳು ಕೂಡಿದವು. ಚುಕ್ಕೆಗೆ 20 ಬೈಟು ಹಿಡಿದರೂ 12.8 ಲಕ್ಷ ಕೋಟಿ ಬೈಟು. ಇದನ್ನು ಒತ್ತಿದ ಲಾಜ್ ಕಡತಗಳಾಗಿ ತುಂಡು ತುಂಡು ಮಾಡಿ ಇಟ್ಟಿದ್ದಾರೆ. 2014ರಿಂದ ಅಲ್ಲಿಯ ರೈತನೇ ಆಗಲಿ ಶಾಲೆಯ ಹುಡುಗನೇ ಆಗಲಿ ದುಡ್ಡು ಕೊಡದೆ ತನ್ನ ಹೊಲದ ತುಂಡನ್ನು ಇಳಿಸಿಕೊಳ್ಳಬಹುದು. ಸರಕಾರ ಅಳೆಸಿದ ನೆಲದ ಲೆಕ್ಕವು ನೆಲದವನಿಗೇ ಸಿಕ್ಕುವದು ನಮ್ಮ ಮನಸ್ಸಿಗೆ ಬಹಳ ಒಪ್ಪಿದ ಸಂಗತಿ.

ಇಷ್ಟರ ತನಕ ಹೇಳಿದ್ದು ಚೆಲ್ಲದೆ ಒತ್ತುವ ವಿಷಯ. ಚೆಲ್ಲಿ ಒತ್ತುವ ವಿಷಯವೂ ಇದೆ. ಅಜ್ಜನ ಅಂಜಿಕೆ ಇಲ್ಲಿ ಖರೆ ಆಗುವದು. ವಾಟ್ಸಾಪಿನಲ್ಲಿ ಉತಾರದ ಫೋಟೋ ಕಳಿಸಿದವರಿಗೆ ಇದರ ಅನುಭವ ಉಂಟು. ಅದು ಫೋಟೋವನ್ನು ಒತ್ತುವಾಗ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟುಬಿಡುವದು. ಮದುವೆಯ ಚಿತ್ರಕ್ಕೆ ಇದರಿಂದ ಕೇಡಿಲ್ಲ. ಉತಾರದ ಮೇಲಿನ ಸಣ್ಣ ಅಕ್ಷರ, ಶಿಕ್ಕೆ ಮಸುಕಾಗಿ ಹೋದರೆ ಕೆಲಸ ಕೆಟ್ಟಿತು. ಚುಕ್ಕೆಗಳ ರಾಶಿಯನ್ನೂ ಹೀಗೆ ಮಾಡುವದುಂಟು. ಕುಣಿಯುವ ಮನುಷ್ಯನ ಆಕೃತಿಯನ್ನು ಚುಕ್ಕೆಗಳಲ್ಲಿ ಹಿಡಿದು ದೂರಕ್ಕೆ ಕಳಿಸಲು, ಅದನ್ನು ಚಪ್ಪಟೆ ತುಣುಕುಗಳನ್ನಾಗಿ ಬಿಡಿಸಿ ಸಿನೇಮಾದಂತೆ ಒತ್ತುವ ಕಟ್ಟಳೆಯೊಂದು 2021ರಲ್ಲಿ ಬಂದಿದೆ. ನೋಡಿ ಸಂತೋಷಪಡುವ ಕೆಲಸಕ್ಕೆ ಅದು ತಕ್ಕದ್ದೇ. ಮೋಜಣಿಯವರೂ ರಾಶಿಯನ್ನು ಹಗುರ ಮಾಡಲು ಎರಡು ಮೀಟರಿನ ಒಂದೊಂದು ಪೆಟ್ಟಿಗೆಗೆ ಸರಾಸರಿಯ ಒಂದೇ ಚುಕ್ಕೆ ಉಳಿಸಿ ಮಿಕ್ಕವನ್ನು ತೆಗೆದುಹಾಕುವದುಂಟು.

ನಮ್ಮ ಆರು ಚುಕ್ಕೆಗಳ ಮೇಲೆ ಇದನ್ನು ಮಾಡಿ ನೋಡೋಣ. ಬದುವಿನ ಎತ್ತರ ಸುತ್ತಲಿನ ನೆಲಕ್ಕಿಂತ 33 ಸೆಂಟಿಮೀಟರದಷ್ಟು, ಅಂದರೆ ಒಂದಡಿಗೆ ತುಸು ಹೆಚ್ಚು. ಆರರ ಸರಾಸರಿ 45843. ಒಂದಡಿಯ ಬದು ಇದ್ದಲ್ಲಿ ಈಗ ಉಳಿದದ್ದು ಎರಡು ಇಂಚು ಚಿಲ್ಲರೆಯ ಉಬ್ಬು. ಆ ನಕ್ಷೆಯ ಮೇಲೆ ಕಂಪ್ಯೂಟರವು ಮಳೆ ಸುರಿಸಿ ನೀರು ಎತ್ತ ಹರಿದೀತೆಂದು ಲೆಕ್ಕ ಹಾಕಿದರೆ, ನೀರು ಬದುವನ್ನು ಲೆಕ್ಕಿಸದೆ ದಾಟಿ ಹೋಗುವದು. ಬದು ಇದ್ದ ಹೊಲಕ್ಕೆ ಬದು ಇಲ್ಲವೆಂದೂ, ಒಡೆದ ಬದುವಿನ ಹೊಲಕ್ಕೂ ಗಟ್ಟಿ ಬದುವಿನ ಹೊಲಕ್ಕೂ ಅಂತರವಿಲ್ಲವೆಂದೂ ವರದಿಯಾದೀತು. ಎರಿ ಭೂಮಿಯಲ್ಲಿ ಒಂದು ಮಳೆಗೆ ಎಷ್ಟು ಮಣ್ಣು ಹಳ್ಳಕ್ಕೆ ಹೋಗುವದೆಂಬುದನ್ನು ಸೋಲಾಪುರ-ವಿಜಾಪುರಗಳ ಕಡೆಯ ಒಕ್ಕಲಿಗನಿಗೆ ಬೇರೆ ಹೇಳಬೇಕಾಗಿಲ್ಲ.

ಆದಕಾರಣ ನಿಮ್ಮ ಊರಿಗೆ ಇಂಥ ಮೋಜಣಿ ಬಂದಾಗ, ಗ್ರಾಮಸಭೆಯಲ್ಲಿ ನಕ್ಷೆ ಹಚ್ಚಿದಾಗ, ಅಂಜದೆ ಕೇಳಿರಿ: ಚದರ ಮೀಟರಿಗೆ ಎಷ್ಟು ಚುಕ್ಕೆ ಬಿದ್ದಿವೆ? ಈ ನಕ್ಷೆಯನ್ನು ಪೂರ್ತಿ ರಾಶಿಯಿಂದ ಮಾಡಿದ್ದೋ, ತೂರಿದ ರಾಶಿಯಿಂದಲೋ? ತೂರಿದ್ದಾದರೆ ಪೆಟ್ಟಿಗೆ ಎಷ್ಟು ದೊಡ್ಡದು? ಬದುವಿನ ಅಗಲಕ್ಕಿಂತ ಪೆಟ್ಟಿಗೆ ದೊಡ್ಡದಿದ್ದರೆ ಬದುವಿನ ಮಾತು ಆ ನಕ್ಷೆಯಲ್ಲಿ ನಂಬತಕ್ಕದ್ದಲ್ಲ. ಮೂಲ ರಾಶಿಯನ್ನು ಲಾಜ್ ಮಾಡಿ ಎಲ್ಲಿ ಇಟ್ಟಿದ್ದಾರೆಂಬುದನ್ನೂ ಕೇಳಿ ಬರೆದುಕೊಳ್ಳಿರಿ. ಮುಂದೆ ತಕರಾರು ಬಂದರೆ ತೆರೆದು ನೋಡಲು ಅದೇ ಬೇಕು. ತೂರುವದೇ ತಪ್ಪೆಂದು ನಾವು ಹೇಳುವದಿಲ್ಲ. ಇಡೀ ತಾಲೂಕಿನ ಇಳಿಜಾರು ನೋಡಲು ತೆಳ್ಳಗಿನ ರಾಶಿ ಸಾಕು, ಕೆಲಸವೂ ಬೇಗ ಆಗುವದು. ಹೊಟ್ಟು ಯಾವುದು, ಕಾಳು ಯಾವುದು ಎಂಬುದನ್ನು ಬದುವಿನ ಒಡೆಯನನ್ನು ಕೇಳದೆ ಗೊತ್ತು ಮಾಡುವದಕ್ಕಷ್ಟೇ ನಮ್ಮ ಆಕ್ಷೇಪ.

ಆ ಹಳ್ಳಿಯ ತರುಣನು ಒಳ್ಳೆಯವನು. ಅಜ್ಜನ ಪ್ರಶ್ನೆಗೆ ನಗದೆ, ಒತ್ತಿದ ಕಡತವನ್ನು ಅಲ್ಲಿಯೇ ಮತ್ತೆ ತೆರೆದು, ಒತ್ತುವ ಮೊದಲು ಎಷ್ಟು ಚುಕ್ಕೆಗಳಿದ್ದುವೋ ಅಷ್ಟೇ ಇರುವದನ್ನು ಲೆಕ್ಕ ಮಾಡಿ ತೋರಿಸಿದನು. ಬಳಿಕ ಅಜ್ಜನ ಹೊಲವನ್ನು ಪರದೆಯ ಮೇಲೆ ದೊಡ್ಡದು ಮಾಡಿದನು. ಅಜ್ಜ ಕನ್ನಡಕ ಏರಿಸಿ, ಬೆರಳಿನಿಂದ ಒಂದೊಂದೇ ಬದುವನ್ನು ಮುಟ್ಟುತ್ತ ಎಣಿಸಿದರು. ನಾಲ್ಕನೆಯದರ ನಡುವೆ ಬೆರಳು ನಿಂತಿತು. “ಇಲ್ಲಿ ಹೋದ ವರ್ಷದ ಮಳಿಗೆ ಒಡದದ. ಅದನ್ನೂ ಹಿಡದೈತಲ್ಲೋ ತಮ್ಮಾ ಇದು!” ಎಂದರು. ಕಡತವು ಹೋಗಿ ಮುಟ್ಟಲು ಇಪ್ಪತ್ತು ಮಿನಿಟು ಹಿಡಿಯಿತು. ಆದರೂ ತರುಣನು ಮೂಲ ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೇ ಸೋಲಾಪುರದ ಬಸ್ಸು ಹತ್ತಿದನು.